ಕಾಫಿ ತೊಳೆದ ಬೋಟು

ನನ್ನ ವಾಚಿನಲ್ಲಿ ಈಗ ಎರಡು ಗಂಟೆಯಾಗುವುದಿಲ್ಲ. ಒಂದಾಗುತ್ತದೆ, ಒಂದೂವರೆಯಾಗುತ್ತದೆ, ಆಮೇಲೆ ಸಣ್ಣ ಮುಳ್ಳು ಒಂದು ಹಳದಿ ಹನಿಯ ಕೆಳಗೆ ಮರೆಯಾಗಿ, ಹೊರಗೆ ಬರುವಷ್ಟರಲ್ಲಿ ಎರಡೂವರೆ ದಾಟಿರುತ್ತದೆ. ಗಾಜಿನ ಮೇಲಿನ ಆ ಹನಿ ರೆಸಿನ್ನಿನದು. ಡಬ್ಬಿಯಲ್ಲಿರುವಾಗ ಜೇನುತುಪ್ಪದ ಹಾಗೆ ಸುರಿಯುವ, ಒಮ್ಮೆ ಗಟ್ಟಿಯಾದರೆ ಉಳಿಗೂ ಬಗ್ಗದ ವಸ್ತು. ಸಕಲೇಶಪುರದಲ್ಲಿ ವಾಚ್ ರಿಪೇರಿ ಮಾಡುವವನು ಗಾಜು ಬದಲಾಯಿಸಿ ಕೊಡುತ್ತೇನೆ ಎಂದ. ನಾನು ಬೇಡವೆಂದೆ. ಊಟ ಮಾಡಿ ಅಡ್ಡಾದವನನ್ನು ಎಬ್ಬಿಸಿ ಯಾರಾದರೂ ಗಂಟೆ ಎಷ್ಟು ಎಂದು ಕೇಳಿದರೆ, ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬಹುದು. ಕಾಫಿ ಬೆಳೆಗಾರನಿಗೆ ಇದಕ್ಕಿಂತ ಒಳ್ಳೆಯ ವಾಚು ಸಿಗುವುದು ಕಷ್ಟ.

ರೆಸಿನ್ ವಾಚಿನ ಮೇಲೆ ಬಿದ್ದದ್ದು ಬೋಟಿನ ದೆಸೆಯಿಂದ. ಕಾಫಿ ತೋಟದಲ್ಲಿ ಬೋಟು ಏಕೆ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ನಮ್ಮ ತೋಟ ಇರುವುದು ಕೆ. ಹೊಸಕೋಟೆಯಿಂದ ಸ್ವಲ್ಪ ಒಳಗೆ. ಗೇಟು ದಾಟಿದರೆ ಕಾಫಿ ಒಣಗಿಸುವ ಕಣ, ಕಣದ ಆಚೆ ಸ್ಟೋರು, ಸ್ಟೋರಿಗೆ ಅಂಟಿಕೊಂಡ ಶೆಡ್ಡಿನಲ್ಲಿ ಮೂತಿ ಮೇಲೆತ್ತಿ ನಿಂತ ಬೋಟು. ಬಂದವರು ಮೊದಲು ಬೋಟನ್ನು ನೋಡುತ್ತಾರೆ, ಆಮೇಲೆ ಸುತ್ತಲಿನ ಗುಡ್ಡಗಳನ್ನು ನೋಡುತ್ತಾರೆ, ಕೊನೆಗೆ ನನ್ನನ್ನು ನೋಡುತ್ತಾರೆ. ಆ ಮೂರನೆಯ ನೋಟ ನನಗೆ ಅಭ್ಯಾಸವಾಗಿಬಿಟ್ಟಿದೆ.

ನಿಜ ಹೇಳಬೇಕೆಂದರೆ ನಮ್ಮ ಅಜ್ಜ ಬೋಟು ಕೊಳ್ಳಲು ಹೋದವರೇ ಅಲ್ಲ. ಹೇಮಾವತಿಗೆ ಅಣೆಕಟ್ಟು ಕಟ್ಟಿ, ಹಿನ್ನೀರು ನಮ್ಮ ಕಡೆಯ ತಗ್ಗುಗಳಿಗೆ ಹೊಸದಾಗಿ ಬಂದಿದ್ದ ಕಾಲ ಅದು. ಹೆಗ್ಗದ್ದೆ ಕಡೆಯ ದೊಡ್ಡ ಎಸ್ಟೇಟೊಂದರ ಮ್ಯಾನೇಜರ್ ಕೆಲಸ ಬಿಟ್ಟು ಹೊರಡುವಾಗ ಮನೆಯ ಸಾಮಾನುಗಳನ್ನೆಲ್ಲ ಮಾರಾಟಕ್ಕಿಟ್ಟಿದ್ದರು. ಅಜ್ಜನ ಕಣ್ಣು ಬಿದ್ದದ್ದು ಎರಡು ಗಾಲಿಯ ಟ್ರೈಲರಿನ ಮೇಲೆ. ಜೀಪಿಗೆ ಕಟ್ಟಿ ಗೊಬ್ಬರ ಸಾಗಿಸಲು ಹೇಳಿ ಮಾಡಿಸಿದ ಹಾಗಿತ್ತು. ಆದರೆ ಅದರ ಮೇಲೊಂದು ಬೋಟು ಕೂತಿತ್ತು. ಬೋಟನ್ನು ಬಿಟ್ಟು ಟ್ರೈಲರ್ ಮಾತ್ರ ಕೊಡುವುದಿಲ್ಲ ಎಂದು ಮ್ಯಾನೇಜರ್ ಹಟ ಹಿಡಿದರು. ಅಜ್ಜ ಬೈದುಕೊಳ್ಳುತ್ತ ಎರಡನ್ನೂ ತಂದರು. ಹದಿನಾಲ್ಕು ಅಡಿಯ ಫೈಬರ್ ಸ್ಪೀಡ್ ಬೋಟು, ಆಕಾಶನೀಲಿ ಬಣ್ಣ, ಪಕ್ಕಕ್ಕೊಂದು ಬಿಳಿ ಪಟ್ಟೆ, ಹಿಂದೆ ನೇತುಹಾಕಿದ ಎಂಜಿನ್, ಮುಂದೆ ಕಾರಿನಲ್ಲಿರುವಂಥದೇ ಸ್ಟೇರಿಂಗ್.

ಅಜ್ಜನಿಗೆ ಟ್ರೈಲರ್ ದಕ್ಕಿತು, ಬೋಟು ದಕ್ಕಿದ್ದು ಜಾನಕತ್ತೆಗೆ. ಜಾನಕತ್ತೆ ನನ್ನ ಅಪ್ಪನ ತಂಗಿ. ಆಗ ಅವಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಜೀಪು ಹತ್ತಿದಳೆಂದರೆ ಆಲೂರಿನವರೆಗೂ ಹಾರ್ನ್ ಹೊಡೆಯುತ್ತಲೇ ಹೋಗುವವಳು. ಬೋಟಿಗೂ ಸ್ಟೇರಿಂಗ್ ಇದೆ ಎಂದು ಗೊತ್ತಾದ ದಿನವೇ ಅದು ಅವಳದಾಯಿತು. ಮಳೆಗಾಲ ಮುಗಿದು ಹಿನ್ನೀರು ತುಂಬಿದ ಮೇಲೆ ಭಾನುವಾರ ಭಾನುವಾರ ಬೋಟನ್ನು ನೀರಿಗಿಳಿಸುತ್ತಿದ್ದರು. ದಡದಲ್ಲಿ ದನ ಕಾಯುವವರು ದನ ಬಿಟ್ಟು ಅತ್ತೆಯನ್ನು ನೋಡುತ್ತ ನಿಲ್ಲುತ್ತಿದ್ದರು. ನಾನು ಪಕ್ಕದ ಸೀಟಿನಲ್ಲಿ ಕೂತು, ಓಡಿಸುತ್ತಿರುವವನು ನಾನೇ ಎಂಬಂತೆ ಮುಖ ಮಾಡಿಕೊಂಡಿರುತ್ತಿದ್ದೆ. ಆ ಮುಖ ಮಾಡುವುದನ್ನು ನಾನು ಈಗಲೂ ಬಿಟ್ಟಿಲ್ಲ ಎಂದು ನನ್ನ ಹೆಂಡತಿ ವನಜ ಹೇಳುತ್ತಾಳೆ.

ಆದರೂ ಆ ಬೋಟೆಂದರೆ ನನಗೆ ನೀರಿಗಿಂತ ಮೊದಲು ನೆನಪಾಗುವುದು ಕಾಫಿಯ ಲೋಳೆ. ಎರಡನೆಯ ವರ್ಷದ ಕುಯ್ಲಿನಲ್ಲಿ, ಕಣದ ತುಂಬ ಹಣ್ಣು ಬಿದ್ದಿರುವಾಗ, ನಮ್ಮ ಕಾಫಿ ತೊಳೆಯುವ ತೊಟ್ಟಿ ಬಿರುಕು ಬಿಟ್ಟಿತು. ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿದ ಬೀಜವನ್ನು ತೊಟ್ಟಿಯಲ್ಲಿ ಒಂದು ದಿನ ಹುಳಿಯಲು ಬಿಟ್ಟು, ಮೈಮೇಲಿನ ಲೋಳೆ ಹೋಗುವ ಹಾಗೆ ತುಳಿದು ತೊಳೆಯಬೇಕು. ತೊಟ್ಟಿ ಇಲ್ಲವೆಂದರೆ ಕೈಗೆ ಬಂದ ಹಣ್ಣು ಕೊಳೆಯುತ್ತದೆ. ಅಜ್ಜ ಕಣಕ್ಕೆ ಎರಡು ಸುತ್ತು ಹಾಕಿದರು. ಶೆಡ್ಡಿನ ಕಡೆ ನೋಡಿದರು.

“ಹೊರಗಿನ್ ನೀರು ಒಳಕ್ ಬರಲ್ಲ ಅಂದ್ಮೇಲೆ ಒಳಗಿನ್ ನೀರೂ ಹೊರಕ್ ಹೋಗಲ್ಲ ತಾನೆ? ಸೀಟು ಬಿಚ್ರೋ,” ಎಂದರು.

ಹೀಗೆ ನಮ್ಮ ಸ್ಪೀಡ್ ಬೋಟು ಒಂದೂವರೆ ತಿಂಗಳು ಕಾಫಿ ತೊಟ್ಟಿಯಾಯಿತು. ಮನೆಯ ಮಕ್ಕಳೆಲ್ಲ ಚಡ್ಡಿ ಮಡಚಿ ಅದರೊಳಗೆ ಇಳಿದು ತುಳಿದದ್ದೇ ತುಳಿದದ್ದು. ಕಾಲ ಕೆಳಗೆ ಬೀಜ ಜಾರುತ್ತದೆ, ಬೆರಳ ಸಂದಿಯಲ್ಲಿ ಕಚಗುಳಿ ಇಡುತ್ತದೆ, ಹುಳಿ ವಾಸನೆ ಮೂಗಿಗೆ ಏರಿ ತಲೆ ಹಗುರಾಗುತ್ತದೆ. ಒಬ್ಬ ಬಿದ್ದರೆ ಉಳಿದವರೂ ಬೀಳಬೇಕು ಎಂಬುದು ನಿಯಮ. ಜಾನಕತ್ತೆ ಸ್ಟೇರಿಂಗ್ ಹಿಡಿದು ನಿಂತು, ಬಾಯಲ್ಲಿ ಡುರ್ರೆಂದು ಎಂಜಿನ್ ಸದ್ದು ಮಾಡುತ್ತ, ಮೊಣಕಾಲುದ್ದ ಲೋಳೆಯಲ್ಲಿ ನಮ್ಮನ್ನು ಊರೂರಿಗೆ ಕರೆದುಕೊಂಡು ಹೋಗುತ್ತಿದ್ದಳು. “ಆಲೂರು ಬಂತು, ಇಳಿಯೋರು ಇಳೀರಿ!” ಎನ್ನುತ್ತಿದ್ದಳು. ಯಾರೂ ಇಳಿಯುತ್ತಿರಲಿಲ್ಲ.

ತುಳಿದದ್ದಾಯಿತು, ತೊಳೆದ ನೀರು ಹೊರಗೆ ಹೋಗಬೇಕಲ್ಲ. ಚೊಂಬಿನಲ್ಲಿ ಮೊಗೆಯುವುದು ಅಜ್ಜನಿಗೆ ಸರಿಕಾಣಲಿಲ್ಲ. ಬೈರಿಗೆ ತಂದು, ಬೋಟಿನ ಹಿಂಭಾಗದಲ್ಲಿ ಎಂಜಿನ್ ನೇತುಹಾಕುವ ಹಲಗೆಯ ಬುಡಕ್ಕೆ ಒಂದು ತೂತು ಕೊರೆದರು. ಕಾಫಿ ಗಿಡದ ಕೊಂಬೆ ಕಡಿದು, ಕೆತ್ತಿ, ತೂತಿಗೆ ಸರಿಯಾದ ಬೆಣೆ ಮಾಡಿದರು. ಆ ಬೆಣೆ ಕೀಳುವ, ಮತ್ತೆ ಬಡಿಯುವ ಅಧಿಕಾರವನ್ನು ನನಗೆ ಕೊಟ್ಟರು. ನನಗೆ ಆಗ ಒಂಬತ್ತು ವರ್ಷ. ಆಮೇಲೆ ಜೀವನದಲ್ಲಿ ಸಣ್ಣಪುಟ್ಟ ಅಧಿಕಾರಗಳು ಬಂದಿವೆ, ಸೊಸೈಟಿಯ ಡೈರೆಕ್ಟರ್ ಕೂಡ ಆಗಿದ್ದೆ. ಆದರೆ ನಾನು ಬೆಣೆ ಕಿತ್ತ ಕೂಡಲೇ ಬುಳುಬುಳು ಎಂದು ನೀರು ಹಾರಿ, ಮಕ್ಕಳೆಲ್ಲ ಓ ಎಂದು ಕಿರುಚುತ್ತಿದ್ದರಲ್ಲ, ಅಂಥ ಮರ್ಯಾದೆ ಇನ್ನೆಲ್ಲೂ ಸಿಗಲಿಲ್ಲ.

ಕುಯ್ಲು ಮುಗಿದ ಮೇಲೆ ಅಜ್ಜ ಬೆಣೆಯನ್ನು ಬಲವಾಗಿ ಹೊಡೆದು, ಹೊರಗೆ ಉಳಿದದ್ದನ್ನು ಕೊಯ್ದು, ಡಾಂಬರು ಮೆತ್ತಿ, ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಮೇಲೆ ಹಚ್ಚಿದರು. “ಕಾಫಿ ಗಿಡದ್ ಮರ ಕಣೋ. ನಿನ್ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ,” ಎಂದರು. ಹೊಸ ತೊಟ್ಟಿ ಕಟ್ಟಿದೆವು. ಬೋಟು ಮರಳಿ ಬೋಟಾಯಿತು. ಬೆಣೆಯನ್ನು ಎಲ್ಲರೂ ಮರೆತರು, ಅದರ ಅಧಿಕಾರಿಯಾಗಿದ್ದ ನಾನೂ ಮರೆತೆ.

ಮೂರು ವರ್ಷ ಕಳೆದ ಮೇಲೆ ಜಾನಕತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ಕೇಸರಿಬಾತು ಆದ ಮೇಲೆ ಅಜ್ಜ ಹೆಮ್ಮೆಯಿಂದ, ನಮ್ಮ ಹುಡುಗಿ ಬೋಟು ಓಡಿಸುತ್ತಾಳೆ ಎಂದುಬಿಟ್ಟರು. ಗಂಡು, ಗಂಡಿನ ಭಾವ, ನಾನು, ಇಷ್ಟು ಜನ ಹತ್ತಿದೆವು. ಹಿನ್ನೀರಿನೊಳಗೆ ಮೂಗು ಚಾಚಿದ ಗುಡ್ಡವೊಂದರ ಹತ್ತಿರ ಅತ್ತೆ ಜೋರಾಗಿ ಒಂದು ತಿರುವು ತೆಗೆದುಕೊಂಡಳು. ಹಿಂದೆ ಟಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಎಂಜಿನ್ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಹಲಗೆಯೂ ಒಂದು ಮೊಳ ಕಿತ್ತುಹೋಗಿತ್ತು. ನೀರಿನ ಮೇಲೆ ಗುಳ್ಳೆಗಳು ಮಾತ್ರ ಬಂದವು.

ನೀರು ಬರುವ ಮುಂಚೆ ಅಲ್ಲಿದ್ದ ಮರಗಳನ್ನು ಕಡಿದಿದ್ದರು. ಅವುಗಳ ಬೊಡ್ಡೆಗಳು ಇನ್ನೂ ನೀರಿನಡಿ ಇದ್ದವು. ಎಂಜಿನ್ ಬೊಡ್ಡೆಗೆ ತಾಗಿತು ಎಂದು ಗಂಡಿನ ಭಾವ ಹೇಳಿದರು, ದಡದಲ್ಲಿದ್ದವರು ಹೇಳಿದರು, ಸಂಜೆಯ ಹೊತ್ತಿಗೆ ಇಡೀ ಊರೇ ಹೇಳಿತು. “ನಂಗೇನೂ ತಾಗಿದಂಗೆ ಆಗ್ಲಿಲ್ಲ ಕಣಪ್ಪಯ್ಯ,” ಎಂದು ಅತ್ತೆ ಅಜ್ಜನಿಗೆ ಎರಡು ಸಲ ಹೇಳಿದಳು. ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ಯಾರೋ ಅಂದರು. ಅಜ್ಜ ಏನೂ ಅನ್ನಲಿಲ್ಲ. ಮೂರನೆಯ ಸಲ ಅತ್ತೆಯೂ ಹೇಳಲಿಲ್ಲ.

ಮದುವೆ ನಿಂತಿತು ಎಂದುಕೊಂಡಿರಾ? ಇಲ್ಲ. ಎಂಜಿನ್ ಹೋದ ಬೋಟನ್ನು ಅತ್ತೆ ಸೀಟಿನ ಹಲಗೆ ಕಿತ್ತು ಹುಟ್ಟು ಹಾಕುತ್ತ ದಡಕ್ಕೆ ತಂದಿದ್ದಳು. ಎದುರು ಕೂತು ಅದನ್ನು ನೋಡುತ್ತಿದ್ದ ಗಂಡು ಅಲ್ಲೇ ಒಪ್ಪಿಕೊಂಡುಬಿಟ್ಟಿದ್ದರು. ನಮ್ಮ ಮಾವ ಅಂಥ ಒಳ್ಳೆಯ ಮನುಷ್ಯ. ಆದರೆ ಆ ಸಂಜೆ ಅತ್ತೆ ಜೀಪಿನ ಕೀಯನ್ನು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದವಳು, ಮತ್ತೆ ಅದನ್ನು ಮುಟ್ಟಲಿಲ್ಲ. ಮಾವ ಮುಂದೆ ಕಾರು ತಂದು ಗೋಗರೆದರೂ ಡ್ರೈವರ್ ಸೀಟಿನಲ್ಲಿ ಕೂರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದೊಂದು ತಮಾಷೆಯಾಗಿ ಉಳಿಯಿತು. ಲೋಟ ಒಡೆದರೆ, ಹಾಲು ಉಕ್ಕಿದರೆ, ಪರೀಕ್ಷೆಯಲ್ಲಿ ಫೇಲಾದರೆ, “ಏನು, ಬೊಡ್ಡೆ ತಾಗ್ತಾ?” ಎಂದು ಕೇಳುವುದು. ಈ ಮಾತನ್ನು ಅತಿ ಹೆಚ್ಚು ಸಲ ಆಡಿದವನು, ಹೇಳಲು ನಾಚಿಕೆಯಾಗುತ್ತದೆ, ನಾನೇ.

ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ಹಸು, ಎರಡು ಉಪ್ಪಿನಕಾಯಿ ಭರಣಿ ಸಮೇತ ತೋಟಕ್ಕೆ ಬಂದಳು. ಬಂದ ವಾರದಲ್ಲೇ ಗಿಡಗಳ ಬುಡಕ್ಕೆ ಗೊಬ್ಬರ ಸಾಲದು, ನೆರಳು ಜಾಸ್ತಿಯಾಯಿತು ಎಂದು ತೋಟದ ಆಡಳಿತ ವಹಿಸಿಕೊಂಡಳು. ಅವಳನ್ನು ಆಲೂರಿಗೆ ಕರೆದೊಯ್ಯುವಾಗ ನಾನು ಒಂದು ವಿಷಯ ಗಮನಿಸಿದೆ. ನಾನು ಜೀಪು ಓಡಿಸುತ್ತಿದ್ದರೆ, ಪಕ್ಕದಲ್ಲಿ ಕೂತ ಅವಳ ಬಲಗಾಲು ಪ್ರತಿ ತಿರುವಿನಲ್ಲೂ ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಎಡಗೈ ಇಲ್ಲದ ಗೇರನ್ನು ಹುಡುಕುತ್ತಿತ್ತು. ನಲವತ್ತು ವರ್ಷವಾದರೂ ಇವಳು ಡ್ರೈವಿಂಗ್ ಬಿಟ್ಟೇ ಇಲ್ಲವಲ್ಲ ಎಂದು ನನಗೆ ಸಂಕಟವಾಯಿತು. ಇವಳನ್ನು ಒಮ್ಮೆ ಸ್ಟೇರಿಂಗ್ ಮುಂದೆ ಕೂರಿಸಬೇಕು ಎಂಬ ಆಸೆ ಹುಟ್ಟಿದ್ದು ಆಗ.

ಅದಕ್ಕೆ ನೆಪ ಸಿಕ್ಕಿದ್ದು ಹೋದ ಸೆಪ್ಟೆಂಬರಿನಲ್ಲಿ. ಮೆಣಸು ಹಾಕಲು ಶೆಡ್ಡು ಬೇಕು, ಬೋಟನ್ನು ಗುಜರಿಗೆ ಹಾಕಿ ಎಂದು ವನಜ ಹೇಳಿದಳು. ಗುಜರಿಯವನು ಬಂದು ಬೆರಳಿನಿಂದ ತಟ್ಟಿ, “ಫೈಬರ್ ನಾವು ತಗಳಲ್ಲ ಗೌಡ್ರೇ. ಪುಕ್ಕಟೆ ಕೊಟ್ರೂ ಬ್ಯಾಡ,” ಎಂದು ಹೋದ. ಪುಕ್ಕಟೆಯೂ ಬೇಡವಾದ ವಸ್ತುವಿನ ಮೇಲೆ ನನಗೆ ಮೊದಲಿನಿಂದಲೂ ಒಂದು ಮಮತೆ. ಹಾಗಾದರೆ ರಿಪೇರಿ ಮಾಡಿಸಿ ನೀರಿಗೆ ಬಿಡೋಣ, ಅತ್ತೆ ಓಡಿಸಲಿ ಎಂದೆ.

ಜಗಲಿಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ನೀನು ರಿಪೇರಿ ಮಾಡ್ಕೊ, ನೀನೇ ಓಡುಸ್ಕೊ ಚಂದ್ರು. ನಾನೊಂದ್ ಸಲ ಎಂಜಿನ್ ಮುಳುಗ್ಸಿದ್ದು ಸಾಕು,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಬೆಲ್ಲ ತಂದಾಯ್ತಾ ಎಂದು ಕೇಳುವ ದನಿಯೇ ಅದು. ಅದಕ್ಕೇ ನನಗೆ ಇನ್ನಷ್ಟು ಬೇಜಾರಾಯಿತು.

ಆನೇಮಹಲ್‌ನಲ್ಲಿ ಹೆದ್ದಾರಿಯ ಬದಿಗೆ ಪರಮೇಶಿಯ ಶೆಡ್ಡಿದೆ. ಘಾಟಿಯಲ್ಲಿ ಮೂತಿ ಜಜ್ಜಿಕೊಂಡು ಬಂದ ಬಸ್ಸುಗಳಿಗೆ ಫೈಬರಿನ ಹೊಸ ಮೂತಿ ಮಾಡಿ ಕೂರಿಸುವವನು. ಬೋಟಿನ ಕೆಲಸ ಮಾಡಿದ್ದೀಯಾ ಎಂದು ಕೇಳಿದೆ. “ಬಸ್ಸು ನೀರಿಗ್ ಬಿದ್ದೈತೆ ಅಂದ್ಕಂಡ್ರಾಯ್ತು ಬಿಡಿ ಗೌಡ್ರೇ,” ಎಂದ. ಬಂದವನಿಗೆ ಬೊಡ್ಡೆಯ ಕಥೆ ಹೇಳಿದೆ. ಅವನು ಸ್ಪ್ಯಾನರಿನ ಹಿಡಿಯಿಂದ ಬೋಟಿನ ಮೈಯನ್ನೆಲ್ಲ ಕುಟ್ಟಿ ಕುಟ್ಟಿ ಕೇಳಿದ. ಪಕ್ಕಗಳು ಟಕ್ ಟಕ್ ಎಂದವು. ಹಿಂದಿನ ಹಲಗೆ ದಪ್ ದಪ್ ಎಂದಿತು. ಅದಕ್ಕೆ ಟ್ರಾನ್ಸಮ್ ಎನ್ನುತ್ತಾರೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ನಾನು ಕಲಿತಿದ್ದೆ. ಒಳಗೊಂದು ಹೊರಗೊಂದು ಫೈಬರಿನ ಪದರ, ನಡುವೆ ಪ್ಲೈವುಡ್. ಎಂಜಿನ್ನಿನ ಭಾರವೆಲ್ಲ ಅದರ ಮೇಲೆ. ಪರಮೇಶಿ ಅದನ್ನು ಬೆನ್ನುಹಲಗೆ ಎಂದ, ನಾವೂ ಹಾಗೇ ಕರೆದೆವು.

ಮೊದಲು ಪಕ್ಕದ ಸಣ್ಣ ಬಿರುಕುಗಳನ್ನು ಮುಚ್ಚಿ ಕೈ ಪಳಗಿಸಿಕೊಳ್ಳೋಣ ಎಂದು ನಾನೇ ರೆಸಿನ್ ಕಲಸಲು ಕೂತೆ. ರೆಸಿನ್ನಿಗೆ ಹಾರ್ಡ್‌ನರ್ ಎಂಬ ಇನ್ನೊಂದು ದ್ರವವನ್ನು ಕೆಲವೇ ಹನಿ ಬೆರೆಸಬೇಕು. ಬೆರೆಸಿದ ಸ್ವಲ್ಪ ಹೊತ್ತಿಗೆ ಗಟ್ಟಿಯಾಗುತ್ತದೆ. ಮೊದಲ ದಿನ ಮಂಜು ಕವಿದಿತ್ತು, ಹನಿ ಕಡಿಮೆಯಾಯಿತು. ಹಚ್ಚಿದ್ದು ಮಾರನೆಯ ಬೆಳಿಗ್ಗೆಯೂ ಅಂಟಂಟಾಗಿಯೇ ಇತ್ತು, ಒಂದು ಮಿಡತೆ ಬೇರೆ ಸಿಕ್ಕಿಕೊಂಡಿತ್ತು. ಎರಡನೆಯ ದಿನ ಬಿಸಿಲು, ನಾನು ಸಿಟ್ಟಿನಿಂದ ಧಾರಾಳವಾಗಿ ಸುರಿದೆ. ಮಗ್ಗಿನಿಂದ ಹೊಗೆ ಎದ್ದಿತು. ಬಿಸಾಡುವಷ್ಟರಲ್ಲಿ ಮಗ್ಗು ಕರಗಿ ವಕ್ರವಾಯಿತು, ಒಂದು ಹನಿ ಹಾರಿ ವಾಚಿನ ಮೇಲೆ ಕೂತಿತು. ಆ ಮಗ್ಗು ಬಚ್ಚಲಿನದು ಎಂದು ವನಜ ಹೇಳಿದ ಮೇಲೆ ಗೊತ್ತಾಯಿತು. ಬಹಳ ಹೊತ್ತು ಹೇಳಿದಳು.

ಶೆಡ್ಡಿನ ಕಡೆ ಕಾಲಿಡದ ಅತ್ತೆ ಜಗಲಿಯಿಂದಲೇ ಕೂಗಿದಳು. “ಹೆಪ್ಪು ಹಾಕಕ್ಕೂ ಒಂದ್ ಕೈ ಬೇಕು ಕಣೋ! ಚಳಿ ದಿನಕ್ ಒಂದಳತೆ, ಬಿಸಿಲಿಗ್ ಒಂದಳತೆ. ಮಜ್ಜಿಗೆ ಕುಡ್ದು ದೊಡ್ಡೋನಾದೆ, ಅಷ್ಟೂ ಗೊತ್ತಿಲ್ವೇನೋ?”

“ಹಂಗಾದ್ರೆ ನೀನೇ ಬಾ ಅತ್ತೆ,” ಎಂದೆ.

“ನಾನ್ ಬರಲ್ಲ.”

ಮೂರನೆಯ ದಿನ ಪರಮೇಶಿ ಗ್ರೈಂಡರ್ ಹಿಡಿದು ಬೆನ್ನುಹಲಗೆಯ ಒಳಪದರವನ್ನು ಕೊಯ್ದ. ಡಬ್ಬಿಯ ಮುಚ್ಚಳ ತೆಗೆದ ಹಾಗೆ ಅದು ಕಳಚಿ ಬಂತು. ಒಳಗಿನ ಪ್ಲೈವುಡ್ಡನ್ನು ಹಲಗೆ ಎನ್ನುವ ಹಾಗೇ ಇರಲಿಲ್ಲ. ಕಪ್ಪಗೆ ಪುಡಿಪುಡಿಯಾಗಿ, ಬೆರಳು ಹಾಕಿದರೆ ಬೆರಳು ಹೋಗುತ್ತಿತ್ತು. ಪರಮೇಶಿ ಕರಣೆಯಿಂದ ಕೆರೆದು ಕೆರೆದು ಬುಟ್ಟಿಗೆ ತುಂಬಿದ. ಬುಡಕ್ಕೆ ಬಂದಾಗ ಕರಣೆ ಠಣ್ ಎಂದಿತು.

“ಇದೇನ್ ಗೌಡ್ರೇ ಇದು? ಎಲ್ಲಾ ಮಣ್ಣಾಗ್ಬುಟ್ಟೈತೆ, ಇದೊಂದ್ ಮಾತ್ರ ಕಲ್ಲಿದ್ದಂಗೈತೆ!”

ಸುತ್ತಿಗೆಯಿಂದ ಹೊರಗಿನಿಂದ ಎರಡು ಪೆಟ್ಟು ಕೊಟ್ಟ. ಹೆಬ್ಬೆರಳು ಗಾತ್ರದ ಒಂದು ಮರದ ತುಂಡು ನನ್ನ ಕಾಲ ಬಳಿ ಬಿತ್ತು. ಅದರ ಜೊತೆಗೇ, ತೂತಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕಾಳೂ ಬಿತ್ತು. ಎತ್ತಿಕೊಂಡು ಒರೆಸಿ ನೋಡಿದೆ. ಕಾಫಿ ಬೀಜ.

“ಕೊಳೆ ಶುರುವಾಗಿರೋದೇ ಈ ತೂತಿಂದ ನೋಡಿ,” ಎಂದ ಪರಮೇಶಿ. ಬುಡದಿಂದ ಮೇಲಕ್ಕೆ ಕಪ್ಪು ಹೇಗೆ ಹರಡಿಕೊಂಡು ಹೋಗಿದೆ ಎಂದು ಬೆರಳಿನಲ್ಲಿ ತೋರಿಸಿದ. “ಬೆಣೆ ಸುತ್ತ ನೀರು ಒಳಕ್ ಇಳ್ದೈತೆ. ಎಂಜಿನ್ ಕೂರೋ ಜಾಗದವರ್ಗೂ ತಿಂದೈತೆ. ಇಂಥಾ ಹಲಗೆಗೆ ಯಾವ ಬೊಡ್ಡೇನೂ ತಾಗದ್ ಬ್ಯಾಡ ಮಾರಾಯ್ರೆ. ಸೀನಿದ್ರೂ ಎಂಜಿನ್ ಬಿದ್ದೋಗ್ತಿತ್ತು. ಯಾವ್ ಪುಣ್ಯಾತ್ಮ ಹೊಡ್ದಿದ್ದೋ ಈ ಬೆಣೇನ?”

ಪುಣ್ಯಾತ್ಮ ಅವನ ಎದುರಿಗೇ ಕೂತಿದ್ದ. ಕೊರೆದದ್ದು ಅಜ್ಜ, ಆದರೆ ಕಿತ್ತು ಕಿತ್ತು ಬಡಿದು ತೂತನ್ನು ಸಡಿಲ ಮಾಡಿದ್ದು ನಾನು. ಬೋಟಿನಲ್ಲಿ ಕಾಫಿ ತುಳಿದ ಕಥೆಯನ್ನು ನಾನು ಎಷ್ಟು ಮದುವೆಮನೆಗಳಲ್ಲಿ ಹೇಳಿ ನಗಿಸಿಲ್ಲ! ಎಂಜಿನ್ ಮುಳುಗಿದ ಕಥೆಯನ್ನೂ ಅದರ ಹಿಂದೆಯೇ ಹೇಳುತ್ತಿದ್ದೆ. ಎರಡೂ ಒಂದೇ ಕಥೆ ಎಂದು ನಲವತ್ತು ವರ್ಷ ನನ್ನ ತಲೆಗೆ ಹೊಳೆಯಲಿಲ್ಲ. ಅತ್ತೆ ಎರಡು ಸಲ ಹೇಳಿದ್ದಳು, ತಾಗಲಿಲ್ಲ ಎಂದು. ಅವಳ ಪಕ್ಕದ ಸೀಟಿನಲ್ಲೇ ಕೂತಿದ್ದ ನಾನು ಒಂದು ಸಲವಾದರೂ, ಹೌದು, ತಾಗಲಿಲ್ಲ ಎನ್ನಬಹುದಿತ್ತು. ನಿಜಕ್ಕೂ ನನಗೂ ಏನೂ ತಾಗಿದ ಹಾಗೆ ಆಗಿರಲಿಲ್ಲ. ಎಲ್ಲರೂ ಹೇಳುವಾಗ ಬೊಡ್ಡೆಯೇ ಇರಬೇಕು ಎಂದುಕೊಂಡೆ.

ಬೆಣೆಯನ್ನು ಜೇಬಿಗೆ ಹಾಕಿಕೊಂಡೆ. ಅಜ್ಜನ ಹೆಸರಿಗೆ ಈಗ ಏಕೆ ಮಸಿ ಎಂದು ಒಂದು ಮನಸ್ಸು ಹೇಳಿತು. ಅಜ್ಜನ ನೆಪದಲ್ಲಿ ನಿನ್ನನ್ನು ನೀನು ಉಳಿಸಿಕೊಳ್ಳುತ್ತಿದ್ದೀಯ ಎಂದು ಇನ್ನೊಂದು ಮನಸ್ಸು ಹೇಳಿತು. ಇದು ವನಜಳ ದನಿಯಲ್ಲಿ ಹೇಳಿದ್ದರಿಂದ ಸುಮ್ಮನಿರಲು ಧೈರ್ಯ ಬರಲಿಲ್ಲ. ಮಧ್ಯಾಹ್ನ ಅಕ್ಕಿರೊಟ್ಟಿಯ ತಟ್ಟೆಯ ಮುಂದೆ ಕೂತಾಗ ಬೆಣೆಯನ್ನೂ ಕಾಫಿ ಬೀಜವನ್ನೂ ಅತ್ತೆಯ ಎದುರಿಗಿಟ್ಟೆ. ಎಲ್ಲವನ್ನೂ ಹೇಳಿದೆ. ನಾನು ಬೆಣೆ ಬಡಿದದ್ದು, ನೀರು ಇಳಿದದ್ದು, ಹಲಗೆ ಕೊಳೆತದ್ದು. “ನೀನೇನೂ ತಾಗಿಸ್ಲಿಲ್ಲ ಅತ್ತೆ. ಅದು ಮೊದಲೇ ಹೋಗಿತ್ತು,” ಎಂದೆ.

ಅತ್ತೆ ಬೆಣೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಜ್ಜನ ಕತ್ತಿಯ ಗುರುತು ಅದರ ಮೇಲೆ ಇನ್ನೂ ಇತ್ತು.

“ತಾಗ್ಲಿಲ್ಲ ಅಂತ ನಾನ್ ಅವತ್ತೇ ಹೇಳಿದ್ದೆ,” ಎಂದಳು.

“ಹೌದತ್ತೆ.”

“ಎರಡು ಸಲ ಹೇಳಿದ್ದೆ.”

“ಹೌದು. ನಾನೂ ಬಾಯ್ ಬಿಡಬೇಕಿತ್ತು. ತಪ್ಪಾಯ್ತು.”

ಅವಳ ಕಣ್ಣು ತುಂಬಿತು. ನನಗೆ ಅಜ್ಜನ ಮೇಲೂ ನನ್ನ ಮೇಲೂ ಕೋಪ ಬಂತು. ಅತ್ತೆ ಸೆರಗಿನಿಂದ ಕಣ್ಣೊರೆಸಿ ಆ ಕಾಫಿ ಬೀಜವನ್ನು ಬೆಳಕಿಗೆ ಹಿಡಿದಳು. ಆಮೇಲೆ ಅವಳ ಹೊಟ್ಟೆ ಅಲುಗತೊಡಗಿತು. ನೋಡಿದರೆ ನಗುತ್ತಿದ್ದಾಳೆ. “ಅಯ್ಯೋ, ಅಪ್ಪಯ್ಯ ನನ್ ಎಂಜಿನ್ನಿಗೆ ಹುಳಿನೀರು ಕುಡ್ಸಿ ಕೊಂದ್ರಲ್ಲೋ! ಡುರ್ರ್ ಅಂತ ಕುಣ್ಕಂಡು 'ಆಲೂರು ಬಂತು' ಅಂತಿದ್ನಲ್ಲೋ ನಾನು, ಅದೇ ಬೋಟಲ್ಲಿ!” ಎಂದು ನಕ್ಕಳು. ವನಜಳೂ ನಕ್ಕಳು. ಬಾಗಿಲಲ್ಲಿ ರೊಟ್ಟಿ ತಿನ್ನುತ್ತಿದ್ದ ಪರಮೇಶಿ, ಏನೆಂದು ಪೂರಾ ತಿಳಿಯದಿದ್ದರೂ, ಎಲ್ಲರಿಗಿಂತ ಜೋರಾಗಿ ನಕ್ಕ. ಕೈತೊಳೆದು ಬಂದ ಅತ್ತೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

“ಎಲ್ಲಿ ನಿಮ್ ಹೆಪ್ಪು? ತೋರ್ಸಿ.”

ಅಲ್ಲಿಂದ ಕೆಲಸದ ಯಜಮಾನಿಕೆ ಬದಲಾಯಿತು. ಹೊಸ ಹಲಗೆಗೆ ತೋಟದ ಸಿಲ್ವರ್ ಓಕ್ ಕುಯ್ಯಿಸೋಣ ಎಂದು ನಾನು ಹೇಳಿದೆ. ನಮ್ಮಲ್ಲಿ ಬಾಗಿಲಿನಿಂದ ಹಿಡಿದು ನಾಯಿಗೂಡಿನವರೆಗೆ ಎಲ್ಲಕ್ಕೂ ಸಿಲ್ವರ್ ಓಕ್ ಔಷಧಿ. ಅತ್ತೆ ನನ್ನ ಕಡೆ ನೋಡಿ, “ತೋಟದ್ ಮರ ಬೋಟಿಗ್ ಹಾಕಿದ್ ಒಂದ್ ಸಲಕ್ ಸಾಕು,” ಎಂದಳು. ನೀರಿಗೆ ಬಗ್ಗದ ಪ್ಲೈವುಡ್ ಮಂಗಳೂರಿನಿಂದ ಬಸ್ಸಿನ ಮೇಲೆ ಬಂತು. ರಟ್ಟಿನಲ್ಲಿ ಅಳತೆ ಕತ್ತರಿಸಿ, ಎರಡು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದೆವು. ಒತ್ತಿ ಹಿಡಿಯಲು ಸಾಕಷ್ಟು ಕ್ಲಾಂಪ್ ಇರಲಿಲ್ಲ. ಕಾಫಿ ತುಂಬಿದ ಎಂಟು ಮೂಟೆಗಳನ್ನು ಅದರ ಮೇಲೆ ಹೇರಿದೆವು. ಕಾಫಿಯಿಂದ ಕೆಟ್ಟದ್ದನ್ನು ಕಾಫಿಯೇ ಸರಿ ಮಾಡಲಿ ಎಂದು ವನಜ ಹೇಳಿದಳು.

ರೆಸಿನ್ ಕಲಸುವುದು ಅತ್ತೆಯ ಕೆಲಸವಾಯಿತು. ಬೆಳಿಗ್ಗೆ ಅಂಗಳಕ್ಕೆ ಬಂದು ಗಾಳಿಗೆ ಮುಖವೊಡ್ಡಿ, ಅಂಗೈಯಿಂದ ಡಬ್ಬಿಯನ್ನು ಮುಟ್ಟಿ, “ಇವತ್ತು ಒಂಚೂರು ಮುಂದಿರ್ಲಿ,” ಎಂದೋ “ಇವತ್ತು ಹಿಡಿತದಲ್ಲಿರ್ಲಿ,” ಎಂದೋ ಹೇಳಿ ಹನಿ ಬಿಡುವಳು. ಪರಮೇಶಿ ಅಳತೆಯ ಸಿರಿಂಜಿನಲ್ಲಿ ನೋಡಿದರೆ ಪ್ರತಿಸಲವೂ ಲೆಕ್ಕ ಸರಿಯಾಗಿರುತ್ತಿತ್ತು. ಗಾಜಿನ ನಾರಿನ ಹಾಸನ್ನು ಪದರ ಪದರವಾಗಿ ಇಟ್ಟು, ರೆಸಿನ್ ಉಣಿಸಿ, ರೋಲರಿನಿಂದ ಗಾಳಿಗುಳ್ಳೆ ಓಡಿಸಿದೆವು. ಬೆನ್ನುಹಲಗೆ ಬೋಟಿನ ಮೈಗೆ ಕೂಡಿಕೊಂಡಿತು. ಪರಮೇಶಿ ಸ್ಪ್ಯಾನರಿನಿಂದ ಕುಟ್ಟಿದ. ಟಕ್ ಟಕ್. “ಅಮ್ಮಾವ್ರೇ, ನಮ್ ಶೆಡ್ಡಿಗ್ ಬಂದ್ಬುಡಿ. ಬಸ್ಸಿಗೆಲ್ಲ ನೀವೇ ಹೆಪ್ಪು ಹಾಕಿ,” ಎಂದ. ಆ ವಾರ ಅತ್ತೆ ಹಸುವಿಗಿಂತ ಹೆಚ್ಚು ಹೊತ್ತು ಬೋಟಿನ ಹತ್ತಿರವೇ ಇದ್ದಳು. ಆಕಾಶನೀಲಿ ಬಣ್ಣವನ್ನೂ ಅವಳೇ ಆರಿಸಿದಳು. ಓಡಿಸುತ್ತೀಯಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಲ್ಪೆಯಿಂದ ಒಂದು ಹಳೆಯ ಎಂಜಿನ್ ತರಿಸಿದೆ. ನೀರಿಗಿಳಿಸಲು ಅಣೆಕಟ್ಟಿನ ಆಫೀಸಿನಿಂದ ಒಪ್ಪಿಗೆ ಪತ್ರ ತಂದೆ. ಅರೇಬಿಕಾ ಕುಯ್ಲು ಮುಗಿದು, ರೊಬಸ್ಟಾ ಇನ್ನೂ ಶುರುವಾಗದ ಜನವರಿಯ ಒಂದು ಭಾನುವಾರ ಹೊರಡುವುದೆಂದಾಯಿತು. ಆನೆ ದಾರಿಯಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮೆಸೇಜ್ ಬಂದು, ಅದು ದಾಟುವ ತನಕ ಬೋಟು ಕಟ್ಟಿದ ಜೀಪಿನಲ್ಲಿ ಒಂದು ಗಂಟೆ ಕಾದೆವು. ಅತ್ತೆ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಿಕೊಂಡೇ ಇದ್ದಳು.

ದಡದಲ್ಲಿ ಬೋಟು ನೀರಿಗೆ ಜಾರಿ ತೇಲಿತು. ಒಳಗೆ ಒಂದು ಹನಿಯೂ ಬರಲಿಲ್ಲ. ಪರಮೇಶಿ ಎಂಜಿನ್ ಪಕ್ಕ ಕೂತ. ನಾನು ಹತ್ತಿ, ಬೇಕೆಂದೇ ಹಳೆಯ ಜಾಗದಲ್ಲಿ, ಪಕ್ಕದ ಸೀಟಿನಲ್ಲಿ ಕೂತೆ. ಸ್ಟೇರಿಂಗ್ ಮುಂದಿನ ಸೀಟು ಖಾಲಿ ಇತ್ತು. ಲೈಫ್ ಜಾಕೆಟ್ ತೊಟ್ಟು ದಡದಲ್ಲಿ ನಿಂತಿದ್ದ ಅತ್ತೆ ನೀರನ್ನು ನೋಡಿದಳು, ನನ್ನನ್ನು ನೋಡಿದಳು.

“ಅತ್ತೆ, ನೀವೇ ಹೋಗ್ಬೇಕು,” ಎಂದು ವನಜ ಮೆಲ್ಲಗೆ ಹೇಳಿದಳು.

ಅತ್ತೆ ಹತ್ತಿದಳು. ಸ್ಟೇರಿಂಗಿಗೆ ಕೈಯಿಟ್ಟಳು. ಆಮೇಲೆ ನಿಧಾನವಾಗಿ ಹೊರಟೆವು. ಬಾತುಕೋಳಿಯ ವೇಗ. ಅರ್ಧ ದಾರಿಗೆ ಬಂದಾಗ ಅವಳ ಭುಜ ಸಡಿಲವಾಯಿತು, ಎಂಜಿನ್ನಿನ ಸದ್ದು ಏರಿತು, ಮೂತಿ ಮೇಲೆದ್ದಿತು. ದಡದ ಮರಗಳು ಹಿಂದಕ್ಕೆ ಓಡತೊಡಗಿದವು. ಮೂಗು ಚಾಚಿದ ಅದೇ ಗುಡ್ಡ ಎದುರಿಗೆ ಬಂತು. ನನ್ನ ಕೈ ತಾನಾಗಿಯೇ ಸೀಟಿನ ಅಂಚನ್ನು ಹಿಡಿಯಿತು.

“ಇಲ್ಲೇ ಅಲ್ವೇನೋ ಚಂದ್ರು?”

“ಇಲ್ಲೇ ಅತ್ತೆ. ನಿಧಾನ.”

“ಏನ್ ನಿಧಾನ!” ಎಂದು ಅತ್ತೆ ಅಂದಿನಷ್ಟೇ ಜೋರಾಗಿ ತಿರುಗಿಸಿದಳು. ಬೋಟು ಒಂದು ಬದಿಗೆ ವಾಲಿ, ನೀರು ರೆಕ್ಕೆಯ ಹಾಗೆ ಎದ್ದು, ನನ್ನ ಮೈಯೆಲ್ಲ ತೊಯ್ದುಹೋಯಿತು. ನಾನು ಹಿಂದಿರುಗಿ ನೋಡಿದೆ. ಎಂಜಿನ್ ಇತ್ತು. ಅದನ್ನು ಮಗುವಿನಂತೆ ತಬ್ಬಿ ಹಿಡಿದ ಪರಮೇಶಿಯೂ ಇದ್ದ. ಅತ್ತೆ ನಗುತ್ತ, ಅಳುತ್ತ, ಮತ್ತೆ ಅದೇ ತಿರುವನ್ನು ತೆಗೆದುಕೊಂಡಳು. ಎರಡು ಸಲವಲ್ಲ, ಮೂರು ಸಲ. ಮೂರನೆಯದಾದ ಮೇಲೆ, “ಆಲೂರು ಬಂತು, ಇಳಿಯೋರು ಇಳೀರಿ!” ಎಂದು ಕೂಗಿದಳು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಒದ್ದೆಯಾಗಿರಲಿಲ್ಲ.

ವಾಪಸು ಬರುವಾಗ ತೋಟದ ಗೇಟಿನ ಹತ್ತಿರ ಅತ್ತೆ ಜೀಪು ನಿಲ್ಲಿಸಲು ಹೇಳಿದಳು. ಇಳಿದು ನನ್ನ ಕಡೆಯ ಬಾಗಿಲಿಗೆ ಬಂದು ನಿಂತಳು. “ಆಚೆ ಸರಿ,” ಎಂದಳು. ಲೈಸೆನ್ಸ್ ಎಂದೆ. “ನಮ್ ತೋಟದ್ ರಸ್ತೆಗೆ ಯಾರಪ್ಪನ್ ಲೈಸೆನ್ಸು?” ಎಂದಳು. ಗೇಟಿನಿಂದ ಕಣದವರೆಗೆ, ಹಿಂದೆ ಬೋಟು ಎಳೆದುಕೊಂಡು, ಹಾರ್ನ್ ಹೊಡೆಯುತ್ತಲೇ ಬಂದೆವು. ಈ ಸಲ ಇಲ್ಲದ ಬ್ರೇಕನ್ನು ಒತ್ತಿದವನು ನಾನು.

ಮೊನ್ನೆ ವನಜಳ ಕೈಯಿಂದ ಲೋಟ ಬಿದ್ದು ಒಡೆಯಿತು. ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಅತ್ತೆ ಅಡುಗೆಮನೆ ಬಾಗಿಲ ಪಕ್ಕದ ಮೊಳೆಯ ಕಡೆ ಬೆರಳು ತೋರಿಸಿದಳು. ಅಜ್ಜ ಕೆತ್ತಿದ ಬೆಣೆ ಈಗ ದಾರ ಕಟ್ಟಿಸಿಕೊಂಡು ಅಲ್ಲಿ ನೇತಾಡುತ್ತಿದೆ. ನಾನು ಬಾಯಿ ಮುಚ್ಚಿಕೊಂಡು ಗಾಜಿನ ಚೂರು ಆಯತೊಡಗಿದೆ. ನಲವತ್ತು ವರ್ಷ ಆ ಮೊಳೆಯ ಮೇಲೆ ಇರುತ್ತಿದ್ದ ಜೀಪಿನ ಕೀ ಬೇಕಾದರೆ, ಈಗ ಅತ್ತೆಯನ್ನು ಕೇಳಬೇಕು.